ಯಕೃತ್ತಿನ ಎಲೆಹುಳ: ನೀರಿನ ಜಾಡು ಹಿಡಿದು ನಿಗಾ ಇಡುವ, ತಡೆಯುವ ಕ್ರಮ

ಗದ್ದದ ಕೆಳಗೆ ನೀರು ತುಂಬಿದ ಚೀಲದಂಥ ಬಾವು, ಬಿಳಿಚಿದ ಕಣ್ಣರೆಪ್ಪೆ, ಬಿಟ್ಟುಬಿಟ್ಟು ಬರುವ ಭೇದಿ, ಕಾರಣ ಕಾಣದೆ ಇಳಿಯುವ ಹಾಲು. ಇಷ್ಟು ಕಂಡ ಮೇಲೆ, ದನ, ಕುರಿಗಳ ಯಕೃತ್ತಿನಲ್ಲಿ ಬೆಳೆಯುವ ಎಲೆಯಾಕಾರದ ಜಂತು, ಎಲೆಹುಳದ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಹುಳ ದನದ ದೇಹ ಸೇರಿ ಮೂರ್ನಾಲ್ಕು ತಿಂಗಳು ಕಳೆದಿರುತ್ತದೆ. ಯಾವ ಕೆರೆಯಂಗಳದಲ್ಲಿ, ಯಾವ ಗದ್ದೆಯ ಕೂಳೆಯಲ್ಲಿ ಅದು ಒಳಹೊಕ್ಕಿತೆಂದು ಪತ್ತೆಯಾಗದಿದ್ದರೆ ಕೊಟ್ಟ ಔಷಧ ಆ ವರ್ಷಕ್ಕೆ ಮುಗಿಯಿತು, ಮುಂದಿನ ವರ್ಷ ಮತ್ತೆ ಅದೇ ಕತೆ. ಪಶು ಚಿಕಿತ್ಸಾಲಯ, ಹಾಲು ಸಂಘ, ಪಶು ಸಖಿಯರು ಮತ್ತು ಕುರಿಗಾರರು ಸೇರಿ ಹತ್ತಿಪ್ಪತ್ತು ಊರುಗಳ ಮಟ್ಟದಲ್ಲಿ ಮಾಡಬಹುದಾದ ಕೆಲಸವನ್ನು ಇಲ್ಲಿ ವಿವರಿಸಿದೆ.

ಮೊದಲು ತಿಂಗಳ ಲೆಕ್ಕ

ಕರ್ನಾಟಕದಲ್ಲಿ ಕಾಣುವ ಜಾತಿ ಫ್ಯಾಸಿಯೋಲಾ ಜೈಜಾಂಟಿಕಾ. ಇದರ ಚಿಕ್ಕ ದಾಯಾದಿ ಫ್ಯಾಸಿಯೋಲಾ ಹೆಪಾಟಿಕಾ ಹಿಮಾಲಯದ ತಂಪು ಸೀಮೆಯದು. ಪಿತ್ತನಾಳದಲ್ಲಿ ಕೂತ ದೊಡ್ಡ ಹುಳ ಇಟ್ಟ ಮೊಟ್ಟೆ ಸಗಣಿಯೊಂದಿಗೆ ಹೊರಬರುತ್ತದೆ. ನೀರು ಸಿಕ್ಕರೆ ನಮ್ಮ ಹವೆಯಲ್ಲಿ ಎರಡು ಮೂರು ವಾರಕ್ಕೆ ಒಡೆಯುತ್ತದೆ. ಒಳಗಿಂದ ಬಂದ ಮರಿ ಒಂದು ದಿನದೊಳಗೆ ತಕ್ಕ ಬಸವನಹುಳುವನ್ನು ಹೊಗಲೇಬೇಕು, ಇಲ್ಲವಾದರೆ ಸಾಯುತ್ತದೆ. ಹೊಕ್ಕರೆ ಆರೆಂಟು ವಾರದಲ್ಲಿ ಒಂದು ಮರಿ ನೂರಾರಾಗಿ, ಸರ್ಕೇರಿಯ ಎಂಬ ಬಾಲದ ಮರಿಗಳಾಗಿ ನೀರಿಗೆ ಬರುತ್ತದೆ. ಅವು ಹುಲ್ಲು, ಜೊಂಡು, ಭತ್ತದ ಬುಡಕ್ಕೆ ಅಂಟಿ ಬಾಲ ಕಳಚಿ ಗಟ್ಟಿ ಕವಚದೊಳಗಿನ ಸಿಸ್ಟ್ ಆಗುತ್ತವೆ. ದನ ಆ ಮೇವು ತಿಂದ ಮೂರೂವರೆ ನಾಲ್ಕು ತಿಂಗಳ ನಂತರ ಸಗಣಿಯಲ್ಲಿ ಮತ್ತೆ ಮೊಟ್ಟೆ.

ಈ ಲೆಕ್ಕವನ್ನು ಕ್ಯಾಲೆಂಡರಿನ ಮೇಲಿಡಿ. ಜೂನ್ ಮಳೆಗೆ ಕೊಚ್ಚಿಹೋದ ಸಗಣಿಯಿಂದ ಹುಟ್ಟಿದ ಸಿಸ್ಟ್‌ಗಳು ಆಗಸ್ಟ್ ಕೊನೆಯಿಂದ ಹುಲ್ಲಿನ ಮೇಲಿರುತ್ತವೆ. ಅಕ್ಟೋಬರಿನಲ್ಲಿ ಅದನ್ನು ಮೇಯ್ದ ಕಡಸಿನ ಸಗಣಿಯಲ್ಲಿ ಮೊಟ್ಟೆ ಕಾಣುವುದು ಜನವರಿ ಕೊನೆಗೆ ಅಥವಾ ಫೆಬ್ರವರಿಗೆ. ಹೀಗಾಗಿ ನವೆಂಬರಿನ ಸಗಣಿ ಪರೀಕ್ಷೆಯಲ್ಲಿ 'ಹುಳ ಇಲ್ಲ' ಎಂದು ಬಂದ ವರದಿಗೆ ಹೆಚ್ಚು ಬೆಲೆ ಕೊಡಬೇಡಿ. ನಿಗಾ ವ್ಯವಸ್ಥೆಗಳು ಎಡವುವುದು ಹೆಚ್ಚಾಗಿ ಇಲ್ಲೇ: ಪರೀಕ್ಷೆ ಸರಿ, ತಿಂಗಳು ತಪ್ಪು.

ನಕ್ಷೆ ನೀರಿನದಿರಲಿ

ತಾಲ್ಲೂಕಿನ ಗಡಿ ಬಸವನಹುಳುವಿಗೆ ಗೊತ್ತಿಲ್ಲ. ಒಂದು ಕೆರೆ, ಅದರ ತೂಬಿನ ಕೆಳಗಿನ ಅಚ್ಚುಕಟ್ಟು, ಅದರ ಬಸಿಗಾಲುವೆ, ಅಲ್ಲಿಗೆ ಮೇಯಲು ಬರುವ ದನ ಎಷ್ಟು ಊರಿನವೇ ಇರಲಿ, ಎಲ್ಲ ಸೇರಿ ಒಂದು ಘಟಕ. ನಾಲೆ ಪ್ರದೇಶದಲ್ಲಾದರೆ ಒಂದು ಉಪನಾಲೆಯ ಕೊನೆಯಿಂದ ಕೊನೆಯವರೆಗೆ. ಪ್ರತಿ ಘಟಕಕ್ಕೆ ನಾಲ್ಕು ಸಂಗತಿ ಬರೆದಿಡಿ: ವರ್ಷದಲ್ಲಿ ಎಷ್ಟು ತಿಂಗಳು ನೀರು ನಿಲ್ಲುತ್ತದೆ, ದನ ನೀರು ಕುಡಿಯುವ ಜಾಗ, ಕೂಳೆ ಮೇಯುವ ತಿಂಗಳು, ಹೊರಗಿನ ಕುರಿಮಂದೆ ಬಂದು ತಂಗುತ್ತದೆಯೇ.

ಮಳೆ ಮತ್ತು ಆವಿಯ ಲೆಕ್ಕದಿಂದ ಹುಳದ ಕಾಟವನ್ನು ಮುಂಗಾಣುವ ಸೂತ್ರವನ್ನು ಬ್ರಿಟನ್ನಿನಲ್ಲಿ ಓಲರೆನ್‌ಷಾ 1950ರ ದಶಕದಲ್ಲೇ ರೂಪಿಸಿದ್ದರು. ನಮ್ಮ ಮಲೆನಾಡಿಗೆ ಆ ಬಗೆಯ ಲೆಕ್ಕ ಸ್ವಲ್ಪ ಮಟ್ಟಿಗೆ ಹೊಂದೀತು. ಮಂಡ್ಯದ ನಾಲೆ ಬಯಲಿಗೆ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ನೀರು ಆಕಾಶದಿಂದಲ್ಲ, ತೂಬಿನಿಂದ ಬರುತ್ತದೆ. ಯಲಹಂಕದ ನಿವೇದಿ ಸಂಸ್ಥೆ ಜಿಲ್ಲಾವಾರು ಜಾನುವಾರು ರೋಗ ಮುನ್ಸೂಚನೆ ಕೊಡುತ್ತದೆ, ಅದರಲ್ಲಿ ಫ್ಯಾಸಿಯೋಲೋಸಿಸ್, ಅಂದರೆ ಎಲೆಹುಳದ ರೋಗ ಕೂಡ ಇದೆ. ಯಾವ ಜಿಲ್ಲೆ ಎಂಬುದಕ್ಕೆ ಅದನ್ನು ನೋಡಿ. ಯಾವ ಕೆರೆ ಎಂಬುದನ್ನು ನೀವೇ ಹುಡುಕಬೇಕು.

ಬಸವನಹುಳುವಿನ ಎಣಿಕೆ

ಬೇಕಾದ ಸಾಮಾನು: 2 ಮಿ.ಮೀ. ಕಣ್ಣಿನ ಉಕ್ಕಿನ ಜರಡಿ, ಅದಕ್ಕೆ ಕಟ್ಟಲು ಒಂದೂವರೆ ಮೀಟರ್ ಕೋಲು, ಬಿಳಿ ತಟ್ಟೆ, ಮುಚ್ಚಳದ ಡಬ್ಬಿಗಳು, ಗಂಬೂಟು, ರಬ್ಬರ್ ಕೈಗವಸು. ಕೈಗವಸನ್ನು ಮರೆಯಬೇಡಿ. ದನದ ರಕ್ತದ ಹುಳಗಳಾದ ಶಿಸ್ಟೋಸೋಮಗಳ ಬಾಲದ ಮರಿ ಮನುಷ್ಯರ ಚರ್ಮವನ್ನೂ ಕೊರೆಯುತ್ತದೆ. ಒಳಗೆ ಬೆಳೆಯುವುದಿಲ್ಲ, ಆದರೆ ಕೆಂಪು ಗುಳ್ಳೆ ಎದ್ದು ವಿಪರೀತ ತುರಿಸುತ್ತದೆ. ನಾಟಿ ಹೆಂಗಸರ ಕಾಲಿನ ತುರಿಕೆಗೆ ಇದೂ ಒಂದು ಕಾರಣ.

ಪ್ರತಿ ಘಟಕದಲ್ಲಿ 10 ಜಾಗ ಆರಿಸಿ, ಎಲ್ಲವೂ ದನ ಇಳಿಯುವ ಕಡೆಯೇ ಇರಲಿ: ನೀರು ಕುಡಿಯುವ ದಂಡೆ, ತೂಬಿನ ಕೆಳಗಿನ ಹಳ್ಳ, ಬಸಿಗಾಲುವೆಯ ತಿರುವು, ಸೋರುವ ತೊಟ್ಟಿಯ ಸುತ್ತಲಿನ ಕೆಸರು. ಒಬ್ಬರೇ ವ್ಯಕ್ತಿ ಪ್ರತಿ ಜಾಗದಲ್ಲಿ 15 ನಿಮಿಷ ಜರಡಿಯಾಡಿಸಿ ಸಿಕ್ಕಷ್ಟನ್ನು ಎಣಿಸಬೇಕು. ವ್ಯಕ್ತಿ ಬದಲಾದರೆ ಎಣಿಕೆಯೂ ಬದಲಾಗುತ್ತದೆ, ಹಾಗಾಗಿ ವರ್ಷವಿಡೀ ಅದೇ ಕೈ, ಅದೇ ಜಾಗ, ಬೆಳಗಿನ ಅದೇ ಹೊತ್ತು.

ಗುರುತು ಹಿಡಿಯುವುದು ಜನ ಹೆದರುವಷ್ಟು ಕಷ್ಟವಲ್ಲ. ಚಿಪ್ಪಿನ ಬಾಯಿಗೆ ಗಟ್ಟಿ ಮುಚ್ಚಳವಿದ್ದರೆ ಅದನ್ನು ನೀರಿಗೆ ಬಿಡಿ. ಗದ್ದೆಯ ದೊಡ್ಡ, ಜನ ತಿನ್ನುವ ಬಸವನಹುಳು ಈ ಗುಂಪಿನದು, ನಮ್ಮ ಹುಳಕ್ಕೆ ಆಸರೆಯಲ್ಲ. ಮುಚ್ಚಳವಿಲ್ಲದವುಗಳಲ್ಲಿ ತುದಿಯನ್ನು ಮೇಲೆ ಮಾಡಿ, ಬಾಯಿ ನಿಮ್ಮ ಕಡೆಗಿರುವಂತೆ ಹಿಡಿಯಿರಿ. ಬಾಯಿ ಬಲಕ್ಕಿದ್ದು ಕಿವಿಯ ಹಾಗೆ ಅಗಲವಾಗಿದ್ದರೆ ಲಿಮ್ನಿಯಾ ಆರಿಕ್ಯುಲೇರಿಯಾ, ಎಲೆಹುಳದ ಆಸರೆ ಇದೇ. ಬಾಯಿ ಎಡಕ್ಕಿದ್ದರೆ ಫೈಸಾ, ಬಿಡಿ. ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡಿದ್ದರೆ ಇಂಡೋಪ್ಲಾನಾರ್ಬಿಸ್ ಎಕ್ಸಸ್ಟಸ್. ಇದು ಎಲೆಹುಳ ಹರಡದು. ಆದರೆ ಹೊಟ್ಟೆಯ ಆಂಫಿಸ್ಟೋಮ್ ಹುಳ, ದನ ಗೊರಗೊರ ಉಸಿರಾಡುವಂತೆ ಮಾಡುವ ಮೂಗಿನ ಶಿಸ್ಟೋಸೋಮ ಎರಡಕ್ಕೂ ಇದೇ ಮನೆ. ಎರಡರ ಎಣಿಕೆಯನ್ನೂ ಬೇರೆಬೇರೆ ಬರೆಯಿರಿ.

ಸೋಂಕಿದೆಯೇ ನೋಡಲು ಒಂದೊಂದನ್ನೂ ಬೇರೆ ಗಾಜಿನ ಸೀಸೆಯಲ್ಲಿ 10 ಮಿ.ಲೀ. ಬಾವಿ ನೀರಿಗೆ ಹಾಕಿ, ಪಾಲಿಥೀನ್ ಚೂರೊಂದನ್ನು ಇಳಿಬಿಟ್ಟು, ಬೆಳಕಿನಲ್ಲಿ ನಾಲ್ಕು ಗಂಟೆ ಇಡಿ. ನಲ್ಲಿ ನೀರಿನ ಕ್ಲೋರಿನ್ ಮರಿಗಳನ್ನು ಕೊಲ್ಲುತ್ತದೆ. ಕಪ್ಪು ಬಟ್ಟೆಯ ಮುಂದೆ ಹಿಡಿದರೆ ಈಜಾಡುವ ಬಿಳಿ ಚುಕ್ಕೆಗಳು ಕಾಣುತ್ತವೆ. ಮಸೂರದಲ್ಲಿ ಕವಲೊಡೆದ ಬಾಲ ಕಂಡರೆ ಶಿಸ್ಟೋಸೋಮದ ಬಗೆ. ದಪ್ಪ, ಕಪ್ಪು ಮಿಶ್ರಿತ ಮೈ, ಎರಡು ಕಣ್ಣಚುಕ್ಕೆ ಇದ್ದರೆ ಆಂಫಿಸ್ಟೋಮ್. ಲಿಮ್ನಿಯಾದಿಂದ ಬಂದು, ಒಂಟಿ ಬಾಲದ್ದಾಗಿ, ಸ್ವಲ್ಪ ಹೊತ್ತಿಗೇ ಪಾಲಿಥೀನಿಗೆ ಅಂಟಿ ಗುಂಡಗಾದರೆ ಎಲೆಹುಳವೆಂದು ಶಂಕಿಸಿ. ಶಂಕೆ ಎನ್ನಲು ಕಾರಣವಿದೆ: ಕಪ್ಪೆ, ಹಕ್ಕಿ, ಮೀನುಗಳ ಹುಳಗಳೂ ಇದೇ ಬಸವನಹುಳುಗಳಲ್ಲಿ ಬೆಳೆಯುತ್ತವೆ. ಸೋಂಕಿರುವವು ನೂರಕ್ಕೆ ಒಂದೆರಡಷ್ಟೇ ಇರುವುದು ಸಾಮಾನ್ಯ. ಇಪ್ಪತ್ತನ್ನು ನೋಡಿ 'ಕೆರೆ ಶುದ್ಧ' ಎನ್ನಬೇಡಿ, ನೂರಾದರೂ ನೋಡಿ.

ಸಗಣಿ ಪರೀಕ್ಷೆ

ಎಷ್ಟು ದನ? ನೂರಕ್ಕೆ ಹತ್ತರಲ್ಲಿ ಸೋಂಕಿರುವ ದೊಡ್ಡ ಹಿಂಡಿನಲ್ಲಿ ಒಂದನ್ನಾದರೂ ಹಿಡಿಯುವ ಭರವಸೆ ನೂರಕ್ಕೆ 95 ಇರಬೇಕಾದರೆ 29 ಸಾಕು, ನೂರಕ್ಕೆ ಐದರ ಸೋಂಕಿಗಾದರೆ 59 ಬೇಕು. ಈ ಲೆಕ್ಕ ಪರೀಕ್ಷೆ ತಪ್ಪುವುದೇ ಇಲ್ಲವೆಂದು ನಂಬಿಕೊಂಡದ್ದು. ಸಗಣಿ ಪರೀಕ್ಷೆ ತಪ್ಪುತ್ತದೆ, ಏಕೆಂದರೆ ಪಿತ್ತಕೋಶ ಬರಿದಾದಾಗ ಮಾತ್ರ ಮೊಟ್ಟೆ ಹೊರಬರುತ್ತದೆ. ಹಾಗಾಗಿ ಘಟಕಕ್ಕೆ 40 ಇಟ್ಟುಕೊಳ್ಳಿ. ಅದರಲ್ಲಿ 15 ಮೊದಲ ವರ್ಷ ಮೇವಿಗೆ ಹೋದ ಕಡಸು, ಹೋರಿಗಳಿರಲಿ. ಹಳೆಯ ಎಮ್ಮೆಯ ಮೊಟ್ಟೆ ಯಾವ ಕಾಲದ್ದೋ, ಯಾವ ಸಂತೆಯದ್ದೋ, ಎಲೆಹುಳ ವರ್ಷಗಟ್ಟಲೆ ಬದುಕುತ್ತದೆ. ಊರಲ್ಲೇ ಹುಟ್ಟಿದ ಕಡಸಿನಲ್ಲಿ ಮೊಟ್ಟೆ ಸಿಕ್ಕರೆ ಸೋಂಕು ಇದೇ ನೀರಿನದು, ಈ ವರ್ಷದ್ದು. ಕಿವಿಯೋಲೆಯ 12 ಅಂಕಿಗಳನ್ನು ಬರೆದಿಡಿ, ಮುಂದಿನ ಸಲವೂ ಅದೇ ದನ ಬೇಕು.

ಮಾದರಿ ತೆಗೆಯುವ ಮುಖ್ಯ ತಿಂಗಳು ಮಾರ್ಚ್. ಬೇಸಿಗೆಯಲ್ಲಿ ಕೆರೆಯಂಗಳ ಮೇಯುವ ಕಡೆ ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ.

1. ಗುದದ್ವಾರದಿಂದ ಅಥವಾ ಆಗಷ್ಟೇ ಹಾಕಿದ ಸಗಣಿಯ ಮೇಲ್ಭಾಗದಿಂದ 20 ಗ್ರಾಂ ತೆಗೆದು, ಚೀಲದ ಗಾಳಿ ಹಿಂಡಿ ಕಟ್ಟಿ. ಫ್ರಿಜ್ಜಿನಲ್ಲಿ ಕೆಲವು ದಿನ ಇಡಬಹುದು, ಹೆಪ್ಪುಗಟ್ಟಿಸಬೇಡಿ.
2. 10 ಗ್ರಾಂ ತೂಗಿ 100 ಮಿ.ಲೀ. ನೀರಿನಲ್ಲಿ ಚೆನ್ನಾಗಿ ಕಲಸಿ, ಟೀ ಸೋಸುವ ಜಾಲರಿಯಲ್ಲಿ ಎತ್ತರದ ಲೋಟಕ್ಕೆ ಸೋಸಿ.
3. 5 ನಿಮಿಷ ಅಲುಗಿಸದೆ ಬಿಟ್ಟು, ಮೇಲಿನ ಮುಕ್ಕಾಲು ನೀರನ್ನು ಮೆಲ್ಲಗೆ ಬಗ್ಗಿಸಿ. ಮತ್ತೆ ನೀರು ತುಂಬಿ. ನೀರು ತಿಳಿಯಾಗುವವರೆಗೆ, ಅಂದರೆ ಮೂರು ನಾಲ್ಕು ಸಲ.
4. ಉಳಿದ 10 ಮಿ.ಲೀ. ಗಸಿಗೆ ಒಂದೆರಡು ಹನಿ ಮೆಥಿಲಿನ್ ಬ್ಲೂ ಹಾಕಿ.
5. ಗೆರೆ ಎಳೆದ ಪೆಟ್ರಿ ತಟ್ಟೆಗೆ ಸುರಿದು ಸೂಕ್ಷ್ಮದರ್ಶಕದಲ್ಲಿ 40 ಪಟ್ಟು ಹಿಗ್ಗಿಸಿ ಎಲ್ಲವನ್ನೂ ನೋಡಿ.

ನಾರು, ಕಸ ನೀಲಿಯಾಗುತ್ತವೆ. ಎಲೆಹುಳದ ಮೊಟ್ಟೆ ಪಿತ್ತದ ಬಣ್ಣ ಹೀರಿ ಬಂಗಾರದ ಹಳದಿಯಾಗಿಯೇ ಉಳಿಯುತ್ತದೆ. ಅದೇ ಗಾತ್ರದ್ದು, ಆದರೆ ಬಣ್ಣವಿಲ್ಲದೆ ತಿಳಿಯಾಗಿ ಒಳಗಿನ ಕಣಗಳು ಬಿಡಿಬಿಡಿಯಾಗಿ ಕಂಡರೆ ಆಂಫಿಸ್ಟೋಮಿನದು. ಇವೆರಡನ್ನು ಅದಲುಬದಲು ಮಾಡುವುದೇ ಹೆಚ್ಚು ಕಾಣುವ ತಪ್ಪು. ಸೂಕ್ಷ್ಮದರ್ಶಕಕ್ಕೆ ಹಾಲೊಜನ್ ದೀಪವಿದ್ದರೆ ಎಲ್ಲವೂ ಹಳದಿಯಾಗಿ ಕಾಣುತ್ತದೆ, ಆಗ ಬಿಳಿ ಕಾಗದದ ಹಿನ್ನೆಲೆಯಲ್ಲಿ ಹಗಲು ಬೆಳಕಿಗೆ ನೋಡಿ.

ಇನ್ನೊಂದು ತಪ್ಪು ಪ್ರಯೋಗಾಲಯದ್ದು. ಉಪ್ಪು ನೀರಿನಲ್ಲಿ ಮೊಟ್ಟೆ ತೇಲಿಸುವ ವಿಧಾನ ದುಂಡುಹುಳಗಳಿಗೆ ಸರಿ. ಎಲೆಹುಳದ ಮೊಟ್ಟೆ ಭಾರ, ತೇಲುವುದಿಲ್ಲ. ತೇಲಿಸಿ ನೋಡಿ 'ಜಂತು ಮೊಟ್ಟೆ ಇಲ್ಲ' ಎಂದು ಬರೆದ ವರದಿ ಬಂದರೆ ಯಾವ ವಿಧಾನವೆಂದು ಕೇಳಿ. ಐದು ನಿಮಿಷದ ಬದಲು ಅರ್ಧ ಗಂಟೆ ಇಟ್ಟರೆ ಸಣ್ಣ ಕೊಳೆಯೂ ತಳಕ್ಕಿಳಿದು ಮೊಟ್ಟೆಯನ್ನು ಮುಚ್ಚುತ್ತದೆ. ಮೂಗಿನ ಶಿಸ್ಟೋಸೋಮಕ್ಕೆ ಸಿಂಬಳವನ್ನೇ ನೋಡಬೇಕು, ಅದೂ ಸಲೈನಿನಲ್ಲಿ. ಬರೀ ನೀರು ತಾಗಿದರೆ ಆ ಮೊಟ್ಟೆ ಒಡೆದು ಮರಿ ಹೊರಟುಹೋಗುತ್ತದೆ.

ಸಗಣಿಯಲ್ಲಿ ಏನೂ ಇಲ್ಲ, ಪ್ರಾಣಿ ಮಾತ್ರ ಸಾಯುತ್ತಿದೆ ಎಂಬ ಸಂದರ್ಭ ಎರಡಿವೆ. ಕೂಳೆ ಮೇಯ್ದು ಬಂದ ಕುರಿ ಏಕಾಏಕಿ ಸತ್ತರೆ, ಎಳೆಯ ಎಲೆಹುಳಗಳು ಯಕೃತ್ತನ್ನು ಕೊರೆಯುತ್ತಿರುವಾಗಲೇ ಸಾವು ಬಂದಿರಬಹುದು. ಎಮ್ಮೆಕರು, ಕುರಿಮರಿಗಳು ನಾರುವ ನೀರುಭೇದಿಯಿಂದ ಬಳಲಿದರೆ ಆಂಫಿಸ್ಟೋಮಿನ ಮರಿಗಳು ಸಣ್ಣ ಕರುಳಿನ ಮೊದಲ ಭಾಗದಲ್ಲಿರಬಹುದು. ಎರಡರಲ್ಲೂ ಹುಳ ಇನ್ನೂ ಮೊಟ್ಟೆ ಇಡುವ ವಯಸ್ಸಿಗೆ ಬಂದಿಲ್ಲ. ಸತ್ತದ್ದನ್ನು ಕೊಯ್ದು ನೋಡಿಸಿ.

ಕಸಾಯಿಖಾನೆಯ ಈಲಿ (ಯಕೃತ್ತು) ಅಗ್ಗದ ಪಾಠ. ದಪ್ಪಗಾದ ಪಿತ್ತನಾಳವನ್ನು ಸೀಳಿ ಹಿಂಡಿದರೆ ಎಲೆಯಂಥ ಹುಳ ಜಾರಿಬರುತ್ತದೆ. ಪ್ರಾಣಿ ಯಾವ ಊರಿನದೆಂಬುದು ದಾಖಲಾಗದಿದ್ದರೆ ಆ ಎಣಿಕೆಯಿಂದ ನಿಗಾ ಕೆಲಸಕ್ಕೆ ಉಪಯೋಗವಿಲ್ಲ. ಅಂದಹಾಗೆ, ಬೇಯಿಸಿದ ಈಲಿ ತಿಂದರೆ ಈ ರೋಗ ಬರುವುದಿಲ್ಲ. ಮನುಷ್ಯರಿಗೆ ಬರುವುದು ಸಿಸ್ಟ್ ಅಂಟಿದ ನೀರುಸೊಪ್ಪನ್ನು ಹಸಿಯಾಗಿ ತಿಂದಾಗ.

ಔಷಧ: ಹುಳದ ವಯಸ್ಸು ನೋಡಿ

ಐವರ್‌ಮೆಕ್ಟಿನ್ ಚುಚ್ಚಿಸಿ 'ಜಂತಿಗೆ ಕೊಡಿಸಿದ್ದೇವೆ' ಎನ್ನುವವರು ಪ್ರತಿ ಊರಲ್ಲಿದ್ದಾರೆ. ಅದು ಎಲೆಹುಳವನ್ನು ಮುಟ್ಟುವುದೇ ಇಲ್ಲ. ಆಲ್ಬೆಂಡಜೋಲ್ ದನಕ್ಕೆ ಕೆ.ಜಿ.ಗೆ 10 ಮಿ.ಗ್ರಾಂ ಕೊಟ್ಟರೆ ಬಲಿತ ಹುಳದ ಮೇಲಷ್ಟೇ ಕೆಲಸ ಮಾಡುತ್ತದೆ, ಗಬ್ಬದ ಆರಂಭದಲ್ಲಿ ಕೊಡಬಾರದು. ಆಕ್ಸಿಕ್ಲೋಜನೈಡ್ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ, ಇದೂ ಬಲಿತದ್ದಕ್ಕೆ ಮಾತ್ರ. ಹೆಚ್ಚಿನ ಪ್ರಮಾಣದಲ್ಲಿ ಆಂಫಿಸ್ಟೋಮಿಗೂ ಆಗುತ್ತದೆ. ಟ್ರೈಕ್ಲಾಬೆಂಡಜೋಲ್ ದನಕ್ಕೆ 12, ಕುರಿಗೆ 10 ಮಿ.ಗ್ರಾಂ. ಎರಡು ವಾರದ ಎಳೆಯ ಹುಳವನ್ನೂ ಕೊಲ್ಲುತ್ತದೆ, ಆದರೆ ಹಾಲು ಕೊಡುವ ದನಕ್ಕಲ್ಲ, ಆಂಫಿಸ್ಟೋಮಿಗೂ ಅಲ್ಲ. ಕ್ಲೊಸಾಂಟೆಲ್, ರಫಾಕ್ಸನೈಡ್ ಪ್ರಮಾಣ ಮೀರಿದರೆ ಕುರಿ, ಮೇಕೆಗಳ ಕಣ್ಣು ಹೋಗುತ್ತದೆ. ಇವನ್ನು ಅಂದಾಜಿನಲ್ಲಿ ಸುರಿಯಲೇಬೇಡಿ. ಹಾಲು, ಮಾಂಸ ಬಿಡಬೇಕಾದ ದಿನಗಳನ್ನು ಬಾಟಲಿಯ ಚೀಟಿಯಲ್ಲಿ ಓದಿ, ಔಷಧದ ಆಯ್ಕೆ ಪಶುವೈದ್ಯರದೇ ಇರಲಿ.

ಕಡಿಮೆ ಪ್ರಮಾಣವೇ ಸೋಲಿನ ಮೊದಲ ಕಾರಣ. ತೂಕವನ್ನು ಟೇಪಿನಲ್ಲಿ ಅಳೆಯಿರಿ: ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ, ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 60, ಉದ್ದ 55 ಇದ್ದರೆ 300 ಕೆ.ಜಿ. ಅದಕ್ಕೆ ಟ್ರೈಕ್ಲಾಬೆಂಡಜೋಲ್ 3.6 ಗ್ರಾಂ. ಆಕ್ಸಿಕ್ಲೋಜನೈಡ್ 1 ಗ್ರಾಂ ಗುಳಿಗೆಯಾದರೆ ಕನಿಷ್ಠ ಮೂರು, ಒಂದಲ್ಲ.

ಕೆಲಸ ಮಾಡಿತೇ ನೋಡಲು ಮೊಟ್ಟೆ ಸಿಕ್ಕ ಹತ್ತು ದನಗಳನ್ನು 21 ದಿನಗಳ ನಂತರ ಮತ್ತೆ ಪರೀಕ್ಷಿಸಿ. ವಾರಕ್ಕೇ ನೋಡಿದರೆ ಸತ್ತ ಹುಳದ ಹಳೆಯ ಮೊಟ್ಟೆಗಳು ಪಿತ್ತಕೋಶದಿಂದ ಇನ್ನೂ ಬರುತ್ತಿರುತ್ತವೆ, ಔಷಧದ ಮೇಲೆ ಸುಳ್ಳು ಅಪವಾದ ಬರುತ್ತದೆ. ಒಟ್ಟು ಮೊಟ್ಟೆ ನೂರಕ್ಕೆ 90ರಷ್ಟಾದರೂ ಇಳಿಯದಿದ್ದರೆ ಮೊದಲು ತೂಕ, ಪ್ರಮಾಣ, ಅವಧಿ ಮುಗಿದ ದಿನಾಂಕ ತಿರುಗಿ ನೋಡಿ. ಔಷಧಕ್ಕೆ ಹುಳ ಬಗ್ಗದಾಗಿದೆ ಎಂಬ ಮಾತು ಆಮೇಲೆ.

ಸೀಮೆಗೊಂದು ಕ್ಯಾಲೆಂಡರ್

ಮಲೆನಾಡು, ಕರಾವಳಿ: ಮೇ ಕೊನೆಗೆ, ಮಳೆಗೆ ಮೊದಲು, ಬಲಿತ ಹುಳದ ಔಷಧ. ವರ್ಷಕ್ಕೆ ಒಂದೇ ಸಲ ದುಡ್ಡಿದೆ ಎಂದರೆ ಇದನ್ನೇ ಆರಿಸಿ, ಮಳೆ ನೀರಿಗೆ ಮೊಟ್ಟೆ ಸೇರುವುದನ್ನು ತಡೆಯುವುದು ಇದೇ. ನವೆಂಬರ್–ಡಿಸೆಂಬರಿನಲ್ಲಿ ಕಡಸು, ಹೋರಿಗಳಿಗೆ ಟ್ರೈಕ್ಲಾಬೆಂಡಜೋಲ್. ಹಾಲಿನ ದನಕ್ಕೆ ಅದೇ ಸೋಂಕನ್ನು ಫೆಬ್ರವರಿಯಲ್ಲಿ ಆಕ್ಸಿಕ್ಲೋಜನೈಡಿನಿಂದ ತೆಗೆಯಬೇಕು. ನವೆಂಬರಿನಲ್ಲಿ ಕೊಟ್ಟರೆ ಹುಳ ಇನ್ನೂ ಎಳೆಯದು, ದುಡ್ಡು ವ್ಯರ್ಥ.

ವಿಶ್ವೇಶ್ವರಯ್ಯ ನಾಲೆ, ಭದ್ರಾ, ತುಂಗಭದ್ರಾ ಅಚ್ಚುಕಟ್ಟು: ತಿಂಗಳ ಹೆಸರು ಮರೆತು ಕೊಯ್ಲನ್ನು ಹಿಡಿಯಿರಿ. ಕೂಳೆ ಮೇವು ಮುಗಿದ ಆರು ವಾರಕ್ಕೆ ಟ್ರೈಕ್ಲಾಬೆಂಡಜೋಲ್, ಅಥವಾ 14–16 ವಾರಕ್ಕೆ ಆಕ್ಸಿಕ್ಲೋಜನೈಡ್. ನಾಲೆ ನಿಲ್ಲಿಸುವ ವಾರಗಳು ಬಸಿಗಾಲುವೆಯ ಜೊಂಡು ಕೀಳಲು ಸಿಗುವ ಅವಕಾಶ.

ಕೋಲಾರ, ತುಮಕೂರು, ಚಿತ್ರದುರ್ಗದ ಕೆರೆ ಬಯಲು: ನೀರು ಇಳಿದಂತೆ ಹಸಿರಾಗುವ ಅಂಚನ್ನು ದನ ಮೇಯುವ ಫೆಬ್ರವರಿಯಿಂದ ಮೇ ತಿಂಗಳು ಅಪಾಯದ ಕಾಲ. ಕೆರೆ ತುಂಬುವ ಮೊದಲು, ಆಗಸ್ಟಿನಲ್ಲಿ, ಔಷಧ ಕೊಡಿ. ಬೇಸಿಗೆಯಿಡೀ ಒಣಗಿ ಬಿರುಕು ಬಿಟ್ಟ ಕೆರೆಯಲ್ಲಿ ಲಿಮ್ನಿಯಾ ಹೆಚ್ಚು ಉಳಿಯದು. ಇಂಡೋಪ್ಲಾನಾರ್ಬಿಸ್ ಕೆಸರಿನೊಳಗೆ ಅವಿತು ಕಾಯುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ) ನೀರು ಹರಿದ ಕೋಲಾರದ ಕೆರೆಗಳಂತೆ ಈಗ ವರ್ಷವಿಡೀ ತುಂಬಿರುವ ಕಡೆ ಹಳೆಯ ಲೆಕ್ಕ ನಡೆಯದು, ಎಣಿಕೆ ಹೊಸದಾಗಿ ಶುರುವಾಗಲಿ.

ಅಲೆಮಾರಿ ಕುರಿಮಂದೆ ಈ ಮೂರೂ ಸೀಮೆಗಳನ್ನು ಹೊಲಿಯುವ ದಾರ. ಒಣನಾಡಿನ ಕುರಿಗಾಹಿಗಳು ಕೊಯ್ಲಾದ ಗದ್ದೆಗೆ ಮಂದೆ ಹಾಕಲು ಬರುತ್ತಾರೆ. ಗೊಬ್ಬರ ಸಿಗುವ ರೈತನಿಗೂ ಮೇವು ಸಿಗುವ ಕುರಿಗಾಹಿಗೂ ಅದು ಬೇಕಾದದ್ದೇ, ನಿಲ್ಲಿಸಿ ಎನ್ನುವುದು ಮೂರ್ಖತನ. ಬದಲಿಗೆ, ಇನ್ನೂ ಹಸಿಯಿರುವ ಬಸಿಗಾಲುವೆ ಅಂಚಿನ ಗದ್ದೆ ಬಿಟ್ಟು ಎತ್ತರದ, ಒಣಗಿದ ಗದ್ದೆಯಲ್ಲಿ ತರುಬಲು ಹೇಳಿ. ಗದ್ದೆ ಬಯಲು ಬಿಟ್ಟು ಹೊರಟ ಎರಡು ವಾರಕ್ಕೆ ಟ್ರೈಕ್ಲಾಬೆಂಡಜೋಲ್ ಕೊಡಿಸಿ. ಅದಾದ ಮೂರು ವಾರ ಕೆರೆಗಿಳಿಸದೆ ತೊಟ್ಟಿಯಲ್ಲಿ ನೀರು ಕುಡಿಸಿದರೆ ಹಳೆಯ ಮೊಟ್ಟೆ ಹೊಸ ಕೆರೆ ಸೇರದು.

ನೀರು, ಸಗಣಿ, ಹುಲ್ಲು

ಬಸವನಹುಳುವಿಗೆ ವಿಷ ಹಾಕುವ ಯೋಚನೆ ಎಲ್ಲರಿಗೂ ಬರುತ್ತದೆ. ಮೈಲುತುತ್ತ ಕುರಿಗೆ ವಿಷ, ನಿಕ್ಲೋಸಮೈಡ್ ಮೀನಿಗೆ ವಿಷ. ಮೀನು ಗುತ್ತಿಗೆಯ ಕೆರೆಯಲ್ಲಿ ಎರಡೂ ಬೇಡ. ತೊಟ್ಟಿಯ ಸೋರಿಕೆ ಮುಚ್ಚಿ, ಸುತ್ತ ಒಂದೆರಡು ಮೀಟರ್ ಜಲ್ಲಿ ಹಾಕಿ. ದನ ಇಳಿಯುವ ದಂಡೆಗೆ ಬೇಲಿ ಹಾಕಿ ನೀರನ್ನು ಮೇಲಕ್ಕೆ ತನ್ನಿ. ತಿಪ್ಪೆಯ ನೀರು ಗದ್ದೆಗೋ ನಾಲೆಗೋ ಹರಿಯುತ್ತಿದ್ದರೆ ಗುಂಡಿಯನ್ನು ಮೇಲಿನ ಪಕ್ಕಕ್ಕೆ ಸರಿಸಿ. ಚೆನ್ನಾಗಿ ಕಾವು ಬಂದ ಗೊಬ್ಬರದಲ್ಲಿ ಮೊಟ್ಟೆ ಉಳಿಯದು, ಹಸಿ ಸಗಣಿ ಗದ್ದೆಗೆ ಹೋಗಬಾರದು.

ಬಾತುಕೋಳಿ ಬಸವನಹುಳುವನ್ನು ತಿನ್ನುತ್ತದೆ, ಅದು ಎಲ್ಲರಿಗೂ ಗೊತ್ತು. ಇಂಡೋನೇಷ್ಯಾದ ಜಾವಾದಲ್ಲಿ ಇನ್ನೂ ಜಾಣ ಉಪಾಯ ಪ್ರಯೋಗಿಸಿದರು. ಬಾತಿನ ಕರುಳಲ್ಲಿ ಎಕೈನೋಸ್ಟೋಮಾ ರೆವೊಲ್ಯೂಟಮ್ ಎಂಬ ಬೇರೊಂದು ಹುಳವಿದೆ. ಅದರ ಮರಿ ಅದೇ ಬಸವನಹುಳುವಿನೊಳಗೆ ಹೊಕ್ಕು ಎಲೆಹುಳದ ಮರಿಗಳನ್ನು ತಿಂದುಹಾಕುತ್ತದೆ. ಹಾಗಾಗಿ ಬಾತಿನ ಗೂಡನ್ನು ಕೊಟ್ಟಿಗೆಯ ಪಕ್ಕದಲ್ಲೇ ಇಟ್ಟು, ಎರಡರ ಹಿಕ್ಕೆ, ಸಗಣಿ ಒಂದೇ ಕಾಲುವೆಯಲ್ಲಿ ಗದ್ದೆಗೆ ಹೋಗುವಂತೆ ಮಾಡಿದರು. ಬಾತಿನಲ್ಲಿ ಆ ಹುಳ ಇದ್ದರೆ ಮಾತ್ರ ಇದು ಫಲಿಸುತ್ತದೆ.

ಭತ್ತದ ಹುಲ್ಲಿನಲ್ಲಿ ಸಿಸ್ಟ್ ಇರುವುದು ನೀರಲ್ಲಿ ನಿಂತಿದ್ದ ಬುಡದ ಮೂರನೆಯ ಒಂದು ಭಾಗದಲ್ಲಿ. ಹಸಿ ಹುಲ್ಲನ್ನು ಗದ್ದೆಯಿಂದ ನೇರ ಗೋದಲಿಗೆ ಹಾಕಬೇಡಿ. ಬುಡ ಬಿಟ್ಟು ಕೊಯ್ದು, ಮೂರು ದಿನ ಬಿಸಿಲಿಗೆ ಹರವಿ, ಆಮೇಲೆ ಬಣವೆ. ಮಳೆ ಹೊಡೆದು ನೆಂದ ಹುಲ್ಲಿನಲ್ಲಿ ಸಿಸ್ಟ್ ತಿಂಗಳುಗಟ್ಟಲೆ ಬದುಕಿರಬಲ್ಲದು, ಅಂಥದ್ದನ್ನು ಬಣವೆಯ ತಳಕ್ಕೆ ಹಾಕಿ ಕೊನೆಗೆ ತೆಗೆಯಿರಿ.

ದಾಖಲೆಗೆ ಘಟಕಕ್ಕೊಂದು ಹಾಳೆ ಸಾಕು: ಲಿಮ್ನಿಯಾ ಎಣಿಕೆ, ಇಂಡೋಪ್ಲಾನಾರ್ಬಿಸ್ ಎಣಿಕೆ, ಮೊಟ್ಟೆ ಸಿಕ್ಕ ಕಡಸು ಎಷ್ಟು, ಸಿಕ್ಕ ಹಳೆಯ ದನ ಎಷ್ಟು, ಔಷಧ ಮತ್ತು ದಿನಾಂಕ. ಎರಡು ಮಾರ್ಚ್‌ಗಳಲ್ಲಿ ಒಂದು ಕಡಸಿನಲ್ಲೂ ಮೊಟ್ಟೆ ಸಿಗದಿದ್ದರೆ ಆ ಘಟಕಕ್ಕೆ ಸಾಮೂಹಿಕ ಔಷಧ ನಿಲ್ಲಿಸಿ, ಹೊಸದಾಗಿ ಕೊಂಡುತಂದ ದನಗಳಿಗೆ ಮಾತ್ರ ಕೊಡಿ. ಲಿಮ್ನಿಯಾ ಎಣಿಕೆ ಮಾತ್ರ ಮುಂದುವರಿಯಲಿ.